ನೌಗಾಂವ್‌ನ ಗಾಂಜಾ ಲೆಕ್ಕ

ಗಾಂಜಾ ವ್ಯಾಪಾರಕ್ಕೆ ಸರ್ಕಾರಿ ಪರವಾನಗಿ ಎಂದೊಡನೆ ಅಮೆರಿಕದ ಕೊಲರಾಡೊ ನೆನಪಾಗುತ್ತದೆ. ಅದಕ್ಕೂ ನೂರು ವರ್ಷ ಮೊದಲೇ ಬಂಗಾಳದ ರಾಜಶಾಹಿ ಜಿಲ್ಲೆಯ ನೌಗಾಂವ್ ಸುತ್ತಲ ‘ಗಾಂಜಾ ಮಹಲ್’ ಸೀಮೆಯಲ್ಲಿ ಈ ಬೆಳೆ ಬಿತ್ತನೆಯಿಂದ ಮಾರಾಟದವರೆಗೂ ಅಬಕಾರಿಯವರ ಕಣ್ಣೆದುರೇ ಸಾಗುತ್ತಿತ್ತು. ಪರವಾನಗಿ ಇಲ್ಲದೆ ರೈತ ಬಿತ್ತುವಂತಿರಲಿಲ್ಲ. ಹೂ ಬಲಿಯುವ ಮುನ್ನ ‘ಪೊದ್ದಾರ’ ಎಂಬ ನುರಿತವನು ಹೊಲದಲ್ಲಿ ಸಾಲು ಹಿಡಿದು ನಡೆದು, ಗಂಡು ಗಿಡಗಳನ್ನು ಗುರುತಿಸಿ ಕೀಳಿಸುತ್ತಿದ್ದ. ಅವು ಉಳಿದರೆ ಹೆಣ್ಣು ಹೂಗಳು ಬೀಜ ಕಟ್ಟಿ ಮಾಲು ಕೆಡುತ್ತಿತ್ತು. ಕಾಲಲ್ಲಿ ತುಳಿದು ಚಪ್ಪಟೆ ಮಾಡಿದ್ದು ‘ಚಪ್ಟಾ’, ಉರುಟಾಗಿ ಹೊಸೆದದ್ದು ‘ಗೋಲ್’, ಉದುರಿದ ಪುಡಿ ‘ಚೂರ್’. ಮೂರಕ್ಕೂ ಬೇರೆ ಬೇರೆ ಸುಂಕ. ಉಗ್ರಾಣದಲ್ಲಿ ತೂಗಿ, ಸುಂಕ ಕಟ್ಟಿಸಿಕೊಂಡ ಮೇಲೆಯೇ ಮಾಲು ಪರವಾನಗಿ ಪಡೆದ ಅಂಗಡಿಗೆ ಹೋಗಬೇಕು. ಈ ಪದ್ಧತಿಯಿಂದಾದ ದೊಡ್ಡ ಉಪಕಾರ ಈ ಲೆಕ್ಕವೇ ಎಂದು ನನಗನಿಸುತ್ತದೆ. ಎಲ್ಲಿ ಎಷ್ಟು ಬೆಳೆಯಿತು, ಎಲ್ಲಿಗೆ ಹೋಯಿತು ಎಂಬುದು ಗೊತ್ತಿದ್ದುದರಿಂದಲೇ ಅದರ ಒಳಿತು ಕೆಡುಕುಗಳನ್ನು ವಿಚಾರಿಸಲು ಸಾಧ್ಯವಾಯಿತು.

ಬೊಕ್ಕಸ ತುಂಬಲು ಹೂಡಿದ ಆಟವಿದು ಎಂಬ ಆಕ್ಷೇಪ ಆಗಲೇ ಇತ್ತು, ಅದು ಸುಳ್ಳೂ ಅಲ್ಲ. ಹರಾಜಿನಲ್ಲಿ ಅಂಗಡಿ ಹಿಡಿದವನು ಹಾಕಿದ ದುಡ್ಡು ಹುಟ್ಟಿಸಲು ಹೆಚ್ಚು ಮಾರಲೇಬೇಕು. ಆದರೆ 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪಾನನಿರೋಧವಾದಿ ವಿಲಿಯಂ ಕೇನ್ ಗಾಂಜಾ ಕುರಿತು ಎತ್ತಿದ ಪ್ರಶ್ನೆಯಿಂದ ನೇಮಕವಾದ ಆಯೋಗ ಮಾಡಿದ ಕೆಲಸವನ್ನು ನೋಡಿ. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬ ಮಾತಿಗೆ ಹುಚ್ಚಾಸ್ಪತ್ರೆಗಳ ದಾಖಲೆಯೇ ಆಧಾರವಾಗಿತ್ತು. ಆಯೋಗ ಅದನ್ನೇ ಕೆದಕಿತು. 1892ರಲ್ಲಿ ಗಾಂಜಾ, ಭಂಗಿ, ಚರಸ್‌ಗಳ ಲೆಕ್ಕಕ್ಕೆ ಬರೆದಿದ್ದ 222 ಪ್ರಕರಣಗಳಲ್ಲಿ ಪರಿಶೀಲನೆಯ ನಂತರ ಉಳಿದದ್ದು 98. ರೋಗಿಯನ್ನು ಕರೆತಂದ ಪೊಲೀಸರು ‘ಕಾರಣ’ದ ಮುಂದೆ ಬರೆದದ್ದನ್ನೇ ಆಸ್ಪತ್ರೆಯವರು ಎಷ್ಟೋ ಸಲ ನಕಲು ಮಾಡಿಕೊಂಡಿದ್ದರು!

ಹಾಗೆಂದು ಆಯೋಗ ಗಾಂಜಾವನ್ನು ಹೊಗಳಲಿಲ್ಲ. ಅತಿ ಸೇವನೆ ಕೇಡು ಎಂದಿತು. ಬೆಳೆಗೆ, ಅಂಗಡಿಗಳ ಸಂಖ್ಯೆಗೆ, ಒಬ್ಬನ ಬಳಿ ಇರಬಹುದಾದ ಪ್ರಮಾಣಕ್ಕೆ ಮಿತಿ ಹಾಕಿ, ತಕ್ಕ ಸುಂಕ ವಿಧಿಸಿ ಎಂದಿತು. ಪೂರ್ತಿ ನಿಷೇಧಿಸಿದ್ದರೆ ಚಟವೇ ಹೋಗುತ್ತಿತ್ತಲ್ಲ ಎನ್ನುವವರು ಹಿಮಾಲಯದ ತಪ್ಪಲಲ್ಲಿ ತಾನಾಗಿ ಬೆಳೆಯುವ ಗಿಡವನ್ನು ಮರೆಯುತ್ತಾರೆ. ನಿಷೇಧ ಜನರನ್ನು ಇನ್ನೂ ಕೆಟ್ಟ ಅಮಲಿನತ್ತ ತಳ್ಳೀತು ಎಂಬ ಆಯೋಗದ ಆತಂಕವೂ ಸಣ್ಣದಲ್ಲ.

ಮಾದಕವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದದ ನಂತರ ಲೆಕ್ಕದ ಆ ದಾರಿ ಮುಚ್ಚುತ್ತ ಬಂತು. ಬಾಂಗ್ಲಾದೇಶಕ್ಕೆ ಸೇರಿದ ನೌಗಾಂವ್‌ನಲ್ಲಿ ಬೇಸಾಯ 1987ರಲ್ಲಿ ನಿಂತಿತು. ಭಾರತದ 1985ರ ಮಾದಕವಸ್ತು ಕಾಯ್ದೆ ಗಾಂಜಾವನ್ನು ನಿಷೇಧಿಸಿದರೂ ಬರೀ ಎಲೆಯನ್ನು ಅದರ ವ್ಯಾಖ್ಯೆಯಿಂದ ಹೊರಗಿಟ್ಟಿತು. ಹಾಗಾಗಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಆ ಎಲೆಯಿಂದ ಮಾಡುವ ಭಂಗಿಯ ಅಂಗಡಿಗಳಿಗೆ ಇಂದಿಗೂ ಸರ್ಕಾರವೇ ಪರವಾನಗಿ ಕೊಡುತ್ತದೆ.