ದೇವಸಮುದ್ರ ಸೀಮೆಯ ಕಾಯಕವು

ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದು ೧೨ನೆಯ ಶತಮಾನದ ಶಿವಶರಣರ ಮತವು. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಸೀಮೆಯಲ್ಲಿ ಮಳೆಯು ವಿರಳವಾದುದರಿಂದ, ಬೇಸಾಯವೊಂದನ್ನೇ ನೆಚ್ಚಲಾರದೆ ಜನರು ಕುರಿಸಾಕಣೆಯನ್ನೂ ಕಂಬಳಿ, ರೇಷ್ಮೆಗಳ ನೇಯ್ಗೆಯನ್ನೂ ಅವಲಂಬಿಸಿದರು. ಮೊಳಕಾಲ್ಮೂರು ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯು ಪ್ರಾಪ್ತವಾಗಿ, ಊರಿನ ಹೆಸರೇ ನೇಕಾರನ ಸ್ವತ್ತಾಯಿತು.

ಕುರಿಗಾಹಿಗಳ ಪಾಡು ಬೇರೆಯಾಯಿತು. ನೆರೆಯ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ, ಕುದಾಪುರದ ಬಳಿ, ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲಾದುವುಗಳಿಗೆ ಈ ಶತಮಾನದಲ್ಲಿ ಭೂಮಿಯು ದತ್ತವಾಗಲು, ಕುರಿ ಮೇಯುತ್ತಿದ್ದ ನೆಲಕ್ಕೆ ಬೇಲಿ ಬಿದ್ದಿತು; ಉಣ್ಣೆಯ ಕಾಯಕವು ಸಂಕಟಕ್ಕೀಡಾಯಿತು.

ನೂತನ ವಿದ್ಯೆಯೂ ಕಾಯಕವೇ ಸರಿ. ಆದರೆ ಹುಲ್ಲುಗಾವಲನ್ನು ತೆತ್ತವರ ಮಕ್ಕಳು ಆ ಬೇಲಿಯೊಳಕ್ಕೆ ಕೂಲಿಗಾರರಾಗಿ ಮಾತ್ರವಲ್ಲದೆ ವಿದ್ಯಾವಂತರಾಗಿಯೂ ಪ್ರವೇಶಿಸಿದಂದೇ ಅದು ದಾಸೋಹವೆನಿಸುವುದು. ಅವರಿಗೆ ಅನ್ನದೊಡನೆ ಅಕ್ಷರವನ್ನೂ ನೀಡುವುದು ಮಠಗಳ ಮತ್ತು ಸದ್ಭಕ್ತರ ಹೊಣೆಯಾಗಿರುವುದು.