ವಿದ್ಯೆಯನ್ನು ಬಚ್ಚಿಡದ ಗುರು: ಕಾರ್ಕಳದ ಕಲ್ಲು ಹೇಳುವ ಪಾಠ

ಮಂಗಳೂರು ನಗರದ ದೇರೆಬೈಲ್ ತನ್ನ ಹೆಸರಿನಲ್ಲಿ ಇನ್ನೂ ಬೈಲನ್ನು ಉಳಿಸಿಕೊಂಡಿದೆ. ಗದ್ದೆಗಳು ಮಾತ್ರ ಬಹುಮಟ್ಟಿಗೆ ಮನೆಗಳಿಗೆ ಎಡೆಮಾಡಿಕೊಟ್ಟಿವೆ. ಗದ್ದೆಯ ಕೆಲಸವನ್ನು ಮಗನು ತಂದೆಯ ಹಿಂದೆ ನಡೆದು ಕಲಿಯುತ್ತಿದ್ದ ಕಾಲವೊಂದಿತ್ತು. ಇಂದು ಅಲ್ಲಿನ ತರುಣ ತರುಣಿಯರು ಬ್ಯಾಂಕು, ಆಸ್ಪತ್ರೆ, ಗಣಕಯಂತ್ರದ ಉದ್ಯಮಗಳಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ತಂದೆಯಿಲ್ಲ, ಕೈಹಿಡಿದು ಕಲಿಸಬೇಕಾದವರು ಪಕ್ಕದ ಮೇಜಿನ ಹಿರಿಯರು. ಆ ಹಿರಿಯರು ತಾವು ಬಲ್ಲುದನ್ನು ಕೊಡುವರೋ, ಬಚ್ಚಿಡುವರೋ? ಈ ಪ್ರಶ್ನೆ ಹೊಸದಲ್ಲ. ದೇರೆಬೈಲಿನಿಂದ ಸುಮಾರು 50 ಕಿಲೋಮೀಟರ್ ದೂರದ ಕಾರ್ಕಳದ ಕಲ್ಲುಕೆಲಸದ ಚರಿತ್ರೆಯಲ್ಲಿ ಅದಕ್ಕೆ ಎರಡು ಉತ್ತರಗಳು ದೊರೆಯುತ್ತವೆ.

ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಸುಮಾರು 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಮಾಡಿಸಿದನು. ಕಾರ್ಕಳದ ಮೂರ್ತಿಯನ್ನು 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸನು ಲಲಿತಕೀರ್ತಿ ಮುನಿಗಳ ಉಪದೇಶದಂತೆ ಪ್ರತಿಷ್ಠಾಪಿಸಿದನು. ವೇಣೂರಿನ ಮೂರ್ತಿ 1604ರಲ್ಲಿ ತಿಮ್ಮಣ್ಣ ಅಜಿಲನಿಂದ ಸ್ಥಾಪಿತವಾಯಿತು. ಮಾಡಿಸಿದವರ ಹೆಸರುಗಳು, ಉಪದೇಶಿಸಿದ ಗುರುಗಳ ಹೆಸರುಗಳು ಶಾಸನಗಳಿಂದ ತಿಳಿಯುತ್ತವೆ. ಉಳಿ ಹಿಡಿದ ಕೈಗಳ ಹೆಸರು ತಿಳಿಯದು.

ಶಾಸನವು ಬಿಟ್ಟ ಆ ಎಡೆಯನ್ನು ತುಳುನಾಡಿನ ಪಾಡ್ದನವು ತುಂಬಿದೆ. ಕಲ್ಕುಡನ ಕಥೆಯಲ್ಲಿ ಶಂಭು ಕಲ್ಕುಡನು ಬೆಳಗೊಳಕ್ಕೆ ಕೆಲಸಕ್ಕೆಂದು ಹೋಗಿ ಅಲ್ಲಿಯೇ ಉಳಿಯುತ್ತಾನೆ. ಅವನಿಲ್ಲದಾಗ ಹುಟ್ಟಿ ಬೆಳೆದ ಮಗ ಬೀರ ಕಲ್ಕುಡನು ತಂದೆಯನ್ನು ಹುಡುಕಿಕೊಂಡು ಬಂದು, ತಂದೆಯ ಶಿಲ್ಪದಲ್ಲೊಂದು ದೋಷವನ್ನು ತೋರಿಸುತ್ತಾನೆ. ಆ ಮಾತನ್ನು ತಾಳಲಾರದೆ ತಂದೆ ಪ್ರಾಣ ಬಿಡುತ್ತಾನೆ. ಮುಂದೆ ಮಗನು ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದು ಮುಗಿಸಿದಾಗ, ಅಂಥ ಕೆಲಸ ಬೇರೆಲ್ಲಿಯೂ ಆಗಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಉಳಿದ ಒಂದೇ ಕೈಯಿಂದ ಆತನು ವೇಣೂರಿನ ಮೂರ್ತಿಯನ್ನು ಕಡೆದನೆಂದು ಜನರ ನಂಬಿಕೆ. ಕಲ್ಕುಡ ಕಲ್ಲುರ್ಟಿಯರು ಇಂದಿಗೂ ಕರಾವಳಿಯಲ್ಲಿ ಆರಾಧನೆ ಪಡೆಯುತ್ತಿದ್ದಾರೆ.

ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷಗಳ ಅಂತರವಿರುವುದರಿಂದ ಇದು ನಡೆದ ಘಟನೆಯಾಗಲಾರದು. ಆದರೆ ಜನಪದವು ಇಲ್ಲಿ ಒಂದು ನಿಜವಾದ ಭಯವನ್ನು ಕಾಪಾಡಿಟ್ಟಿದೆ. ಕಿರಿಯನು ತನ್ನನ್ನು ಮೀರಿಸಿದಾಗ ಹಿರಿಯನು ಕುಸಿಯುತ್ತಾನೆ. ವಿದ್ಯೆಯು ಇನ್ನೊಬ್ಬರಿಗೆ ಸಲ್ಲಬಾರದೆಂದು ಒಡೆಯನು ಕೈಯನ್ನೇ ಕಡಿಯುತ್ತಾನೆ. ಇಂದಿನ ಕಛೇರಿಗಳಲ್ಲಿ ಕತ್ತಿಯಿಲ್ಲ. ಆದರೂ ಕಡತವನ್ನು ತೋರಿಸದಿರುವುದು, ಕೆಲಸದ ಮರ್ಮವನ್ನು ಹೇಳದಿರುವುದು, ಕಿರಿಯನ ಹೆಸರನ್ನು ವರದಿಯಿಂದ ಬಿಡುವುದು ಅದೇ ಭಯದ ಸಣ್ಣ ರೂಪಗಳು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನು ಎಣಿಸುತ್ತದೆ. ತಿಳಿದೂ ತಿಳಿಯದೆನ್ನುವುದು ನಿಹ್ನವ. ಯೋಗ್ಯನಾದವನಿಗೂ ಅಸೂಯೆಯಿಂದ ಕಲಿಸದಿರುವುದು ಮಾತ್ಸರ್ಯ. ಕಲಿಯುವವನಿಗೆ ಅಡ್ಡಿಯಾಗುವುದು ಅಂತರಾಯ. ಬಚ್ಚಿಟ್ಟ ಜ್ಞಾನವು ಬಚ್ಚಿಟ್ಟವನ ಜ್ಞಾನವನ್ನೇ ಮುಚ್ಚುತ್ತದೆ ಎಂಬುದು ಇದರ ತಾತ್ಪರ್ಯ. ನಷ್ಟವು ಶಿಷ್ಯನಿಗಿಂತ ಮೊದಲು ಗುರುವಿಗೆ.

ಇದಕ್ಕೆ ಪ್ರತಿಯಾದ ನಡೆಯನ್ನು ಚಾವುಂಡರಾಯನ ಜೀವನದಲ್ಲಿ ಕಾಣಬಹುದು. ಆತನು ಯುದ್ಧ ಮತ್ತು ರಾಜ್ಯಭಾರಗಳ ಹೊಣೆ ಹೊತ್ತವನು; ಆದರೂ ಅಜಿತಸೇನ, ನೇಮಿಚಂದ್ರ ಆಚಾರ್ಯರ ಬಳಿ ಶಿಷ್ಯನಾಗಿಯೇ ಉಳಿದನು. ಗೊಮ್ಮಟಸಾರವು ರಚಿತವಾದುದು ಆತನ ನಿಮಿತ್ತದಿಂದಲೇ ಎಂದು ಪರಂಪರೆ ಹೇಳುತ್ತದೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನೂ ಅದೇ ಅಜಿತಸೇನರಲ್ಲಿ ಕಲಿತು, ಚಾವುಂಡರಾಯನ ಆಶ್ರಯ ಪಡೆದು ಮಹಾಕವಿಯಾದನು. ಅಧಿಕಾರವು ದೊರೆತ ಮೇಲೂ ಕಲಿಯುವುದನ್ನು ಬಿಡದವನಿಗೆ ಕಿರಿಯನ ಏಳಿಗೆಯು ಭಯವನ್ನುಂಟುಮಾಡುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕಾರ್ಕಳದ ಕಲ್ಲು ಮತ್ತೊಮ್ಮೆ ಮಾತನಾಡಿತು. ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರು ಬಾಹುಬಲಿ ಮೂರ್ತಿಯ ಸಂಕಲ್ಪ ಮಾಡಿದರು. ಕಡೆಯುವ ಹೊಣೆ ಹೊತ್ತವರು ಹಿರಿಯ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು. 1967ರಲ್ಲಿ ಕೆಲಸವಾರಂಭವಾಯಿತು. 1968ರಲ್ಲಿ ರತ್ನವರ್ಮ ಹೆಗ್ಗಡೆಯವರು ತೀರಿಕೊಂಡರು. ಇಪ್ಪತ್ತು ತುಂಬುವ ಮೊದಲೇ ವೀರೇಂದ್ರ ಹೆಗ್ಗಡೆಯವರು ಪಟ್ಟವೇರಿದರು. ತಂದೆಯ ಸಂಕಲ್ಪವು ಅವರ ಹೆಗಲಿಗೆ ಬಂದಿತು. 39 ಅಡಿ ಎತ್ತರದ ಏಕಶಿಲೆಯ ಮೂರ್ತಿಯು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿ, 1982ರ ಫೆಬ್ರವರಿಯಲ್ಲಿ ಪ್ರತಿಷ್ಠೆಗೊಂಡಿತು. ಸಂಕಲ್ಪ ಒಬ್ಬರದು, ಪೂರ್ತಿಗೊಳಿಸಿದವರು ಇನ್ನೊಬ್ಬರು. ಕಡೆಸಿದವರು ಜೈನರು, ಕಡೆದ ಹಿರಿಯರು ಜೈನರಲ್ಲ.

ಅಷ್ಟು ದೊಡ್ಡ ಶಿಲೆಯನ್ನು ಒಬ್ಬನೇ ಕಡೆಯಲಾರನು. ಗುರುವಿನ ಕಣ್ಣಳತೆಯು ಹತ್ತಾರು ಕೈಗಳಿಗೆ ಹರಿಯಬೇಕು. ಮಣ್ಣಿನ ಮೂರ್ತಿಯಾದರೆ ತಪ್ಪಿದ ಕಡೆ ಮತ್ತೆ ಮೆತ್ತಬಹುದು. ಕರಿಕಲ್ಲಿನಿಂದ ಒಮ್ಮೆ ಸಿಡಿದ ಚಕ್ಕೆಯನ್ನು ಮರಳಿ ಕೂಡಿಸಲಾಗದು. ಆದುದರಿಂದ ಕಲ್ಲಿನ ಕೆಲಸದಲ್ಲಿ ಹೊಸಬನಿಗೆ ಮೊದಲು ಉಳಿಯ ಮೊನೆಯನ್ನು ಕಾಯಿಸಿ ತಟ್ಟುವುದನ್ನು, ಬಳಿಕ ಒರಟು ಕೆಲಸವನ್ನು, ಕೊನೆಗೆ ಕಣ್ಣು ಬೆರಳುಗಳ ನಯಗೆಲಸವನ್ನು ಒಪ್ಪಿಸುವುದು ವಾಡಿಕೆ. ಕಿರಿಯನ ಪೆಟ್ಟು ತಪ್ಪಿದರೆ ಹೊಣೆ ಹಿರಿಯನದೇ. ಇಲ್ಲಿ ವಿದ್ಯೆಯನ್ನು ಬಚ್ಚಿಟ್ಟರೆ ಮೂರ್ತಿಯೇ ಕೆಡುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳು ಸೇರಿವೆ. ಧರ್ಮಮಾರ್ಗಕ್ಕೆ ಹೇಳಿದ ಈ ಗುಣಗಳು ಉದ್ಯೋಗದಲ್ಲಿಯೂ ದಾರಿ ತೋರುತ್ತವೆ. ಕಿರಿಯನ ತಪ್ಪನ್ನು ಹತ್ತು ಜನರೆದುರು ಸಾರದೆ ಏಕಾಂತದಲ್ಲಿ ತಿದ್ದುವುದು, ಎದೆಗುಂದಿದಾಗ ಸ್ಥಿರಗೊಳಿಸುವುದು, ಪ್ರತಿಫಲ ಬಯಸದೆ ಪ್ರೀತಿಸುವುದು. ಇಷ್ಟರ ಜೊತೆಗೆ ಕಲ್ಕುಡನ ತಂದೆಗೆ ಸಾಧ್ಯವಾಗದ ನಾಲ್ಕನೆಯದೊಂದು ಬೇಕು: ಕಿರಿಯನು ತೋರಿದ ದೋಷವನ್ನು ಒಪ್ಪಿಕೊಳ್ಳುವ ಧೈರ್ಯ.

ಕಾರ್ಕಳದ ಮಿಯ್ಯಾರಿನಲ್ಲಿರುವ ಸಿ. ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯು ಕಲ್ಲು ಮತ್ತು ಮರದ ಶಿಲ್ಪವನ್ನು ತರುಣರಿಗೆ ಕಲಿಸುತ್ತ ಬಂದಿದೆ. ಅರಸನು ಒಂದು ಕೈಯನ್ನು ಕಡಿಸಿದನೆಂದು ಕಥೆ ಹೇಳುವ ಊರಿನಲ್ಲಿಯೇ ಹೊಸ ಕೈಗಳು ಉಳಿ ಹಿಡಿಯುತ್ತಿವೆ. ದೇರೆಬೈಲಿನ ಮನೆಯಿಂದ ಹೊರಟು ಮೊದಲ ದಿನ ಕಛೇರಿಯ ಮೆಟ್ಟಿಲೇರುವ ತರುಣನಿಗೂ ಅಂಥ ಹಿರಿಯರೊಬ್ಬರು ದೊರೆಯಲಿ. ನಾಳೆ ಆ ತರುಣನೂ ಇನ್ನೊಬ್ಬನಿಗೆ ತನ್ನ ಉಳಿಯನ್ನು ಮರೆಮಾಡದೆ ಕೊಡಲಿ.