ಪವನ ವಿದ್ಯುತ್ ಸ್ಥಾವರ: ನಿರ್ಮಾಣ ಗುತ್ತಿಗೆದಾರರ ಆಯ್ಕೆ (ಹುಬ್ಬಳ್ಳಿ–ಧಾರವಾಡ, ಗದಗ ಸೀಮೆ)

ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದು ಅಣ್ಣಿಗೇರಿ ದಾಟಿದ ಮೇಲೆ ಬಯಲಿನಂಚಿಗೆ ಗಾಳಿಯಂತ್ರಗಳು ಕಾಣತೊಡಗುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ಅವುಗಳಿಗೆ ‘ಫ್ಯಾನ್’ ಎಂದೇ ಹೆಸರು. ಒಂದು ಫ್ಯಾನ್ ನಿಲ್ಲಬೇಕಾದರೆ ಹೊಲ ಹಿಡಿದುಕೊಡುವವರು, ರಸ್ತೆ ಹಾಕುವವರು, ಗುಂಡಿ ತೋಡುವವರು, ಕಾಂಕ್ರೀಟ್ ಸುರಿಯುವವರು, ಕ್ರೇನ್ ತರುವವರು, 33 ಕೆ.ವಿ. ತಂತಿ ಎಳೆಯುವವರು ಹೀಗೆ ಆರೇಳು ಬಗೆಯ ಗುತ್ತಿಗೆದಾರರು ಸೇರಬೇಕು. ಇವರನ್ನು ಆರಿಸುವ ಕ್ರಮ, ಅವರ ವಿಶ್ವಾಸಾರ್ಹತೆಯನ್ನು ಅಳೆಯುವ ಬಗೆ ಈ ಲೇಖನದ ವಿಷಯ.

ಹುಬ್ಬಳ್ಳಿ–ಧಾರವಾಡ ಅವಳಿ ನಗರದೊಳಗೆ ಗಾಳಿಯಂತ್ರಗಳಿಲ್ಲದಿದ್ದರೂ ಈ ಉದ್ಯಮದ ಹಗ್ಗಗಳೆಲ್ಲ ಇಲ್ಲಿಯೇ ಗಂಟು ಬೀಳುತ್ತವೆ. ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಹೆಸ್ಕಾಂನ ಕೇಂದ್ರ ಕಚೇರಿ ಪಿ.ಬಿ. ರಸ್ತೆಯ ನವನಗರದಲ್ಲಿದೆ. ಗೋಕುಲ ರಸ್ತೆ, ತಾರಿಹಾಳ ಮತ್ತು ಬೇಲೂರಿನ ಕೈಗಾರಿಕಾ ಪ್ರದೇಶಗಳು ಸಣ್ಣ ಮತ್ತು ಮಧ್ಯಮ ಗುತ್ತಿಗೆದಾರರ ನೆಲೆ. 2024–25ರಲ್ಲಿ ದೇಶದಲ್ಲೇ ಅತಿ ಹೆಚ್ಚು, ಅಂದರೆ 1,331 ಮೆಗಾವಾಟ್‌ನಷ್ಟು, ಹೊಸ ಪವನ ಸಾಮರ್ಥ್ಯ ಸೇರಿಸಿದ ರಾಜ್ಯ ಕರ್ನಾಟಕ. ಅಷ್ಟು ಕೆಲಸಕ್ಕೆ ಬೇಕಾದ ಒಳ್ಳೆಯ ಕೈಗಳು ಸುಲಭಕ್ಕೆ ಸಿಗುವುದಿಲ್ಲ.

ಹಿನ್ನೆಲೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಕರ್ನಾಟಕ ವಿದ್ಯುತ್ ನಿಗಮ ತೊಂಬತ್ತರ ದಶಕದಲ್ಲಿ ನಿಲ್ಲಿಸಿದ ಯಂತ್ರಗಳು ಈ ಸೀಮೆಯ ಹಳೆಯ ತಲೆಮಾರಿನವು. 225 ಕಿಲೋವಾಟಿನವು ಒಂಬತ್ತು, 230 ಕಿಲೋವಾಟಿನವು ಹನ್ನೊಂದು, ಒಟ್ಟು ಸುಮಾರು 4.55 ಮೆಗಾವಾಟ್. ಇಂದು ಬಯಲಿಗೆ ಬರುತ್ತಿರುವ 3 ಮೆಗಾವಾಟ್ ವರ್ಗದ ಎರಡೇ ಯಂತ್ರಗಳು ಆ ಇಪ್ಪತ್ತನ್ನೂ ಮೀರಿಸುತ್ತವೆ. ಆ ಕಾಲದ ಗೋಪುರಗಳು ಗಿಡ್ಡ, ಅಡಿಪಾಯ ಚಿಕ್ಕದು. ನೀರಿನ ಟ್ಯಾಂಕ್ ಕಟ್ಟಿ ಪಳಗಿದ ಗುತ್ತಿಗೆದಾರನಿಗೂ ನಿಭಾಯಿಸಬಹುದಾದ ಕೆಲಸ.

ಆಗ ಯಂತ್ರ ಕೊಳ್ಳುತ್ತಿದ್ದವರಿಗೆ ಗಾಳಿಗಿಂತ ತೆರಿಗೆಯ ಮೇಲೆ ಕಣ್ಣು. ಯಂತ್ರದ ಬೆಲೆಯನ್ನು ಮೊದಲ ವರ್ಷವೇ ಸವಕಳಿಯಾಗಿ ತೋರಿಸಲು ಕಾನೂನು ಬಿಡುತ್ತಿತ್ತು. ಮೊದಲು ಶೇ. 100 ಇದ್ದ ಈ ದರ ಮುಂದೆ ಶೇ. 80ಕ್ಕೆ ಇಳಿಯಿತು, 2012ರಲ್ಲಿ ನಿಂತಿತು, 2014ರಲ್ಲಿ ಮರಳಿತು, 2017ರಿಂದ ಶೇ. 40 ಆಯಿತು. ಜವಳಿ ಗಿರಣಿ, ಗಣಿ, ಆಭರಣ ಅಂಗಡಿಗಳ ಮಾಲೀಕರು ಮಾರ್ಚ್ 31ರೊಳಗೆ ಯಂತ್ರ ತಿರುಗಲಿ ಎಂದು ಅವಸರಿಸುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಗುತ್ತಿಗೆದಾರರನ್ನು ಆರಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಯಂತ್ರ ಮಾರುವ ಕಂಪನಿಯೇ ಜಮೀನು, ರಸ್ತೆ, ಅಡಿಪಾಯ, ತಂತಿ, ಉಪಕೇಂದ್ರ, ಮುಂದಿನ ಇಪ್ಪತ್ತು ವರ್ಷದ ನಿರ್ವಹಣೆ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕೊಡುತ್ತಿತ್ತು. ವ್ಯಾಪಾರದ ಮಾತಿನಲ್ಲಿ ಇದು ‘ಟರ್ನ್‌ಕೀ’.

ಈ ಕಟ್ಟಿನ ದೌರ್ಬಲ್ಯ ಬಯಲಾಗಲು ಎರಡು ದಶಕ ಹಿಡಿಯಿತು. ಜರ್ಮನಿಯ ಎನರ್ಕಾನ್ ಪಾಲುದಾರಿಕೆಯಲ್ಲಿ 1994ರಲ್ಲಿ ಆರಂಭವಾದ ಎನರ್ಕಾನ್ ಇಂಡಿಯಾ, ಗದಗ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ 600 ಹಾಗೂ 800 ಕಿಲೋವಾಟಿನ ಗೇರ್‌ಬಾಕ್ಸ್ ಇಲ್ಲದ ಯಂತ್ರಗಳನ್ನು ದೊಡ್ಡ ಸಂಖ್ಯೆಯಲ್ಲಿ ನಿಲ್ಲಿಸಿತ್ತು. ಪಾಲುದಾರರ ನಡುವೆ ವ್ಯಾಜ್ಯ ಹುಟ್ಟಿತು, ಕಂಪನಿ ವಿಂಡ್ ವರ್ಲ್ಡ್ ಇಂಡಿಯಾ ಎಂದು ಹೆಸರು ಬದಲಿಸಿಕೊಂಡಿತು, 2018ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಅಹಮದಾಬಾದ್ ಪೀಠದೆದುರು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಯಂತ್ರದ ಒಡೆಯ ಬೇರೆ, ಅದನ್ನು ನಡೆಸುವ ಕಂಪನಿ ಬೇರೆ ಎಂಬ ವ್ಯವಸ್ಥೆಯಲ್ಲಿ ನಡೆಸುವವರು ಮುಗ್ಗರಿಸಿದರೆ ಒಡೆಯನ ಕೈಯಲ್ಲಿ ಉಳಿಯುವುದೇನು ಎಂಬ ಪ್ರಶ್ನೆ ಆಗ ಎದ್ದಿತು. ಜಮೀನಿನ ಗೇಣಿ ಯಾರ ಹೆಸರಿನಲ್ಲಿದೆ, ಹತ್ತಾರು ಮಾಲೀಕರ ವಿದ್ಯುತ್ ಹಾಯುವ ಉಪಕೇಂದ್ರ ಯಾರದು, ನಿಯಂತ್ರಣ ತಂತ್ರಾಂಶದ ಗುಪ್ತಪದ ಯಾರ ಬಳಿ ಇದೆ? ಇಂದಿನ ಒಪ್ಪಂದಗಳಲ್ಲಿ ಈ ಮೂರಕ್ಕೂ ಪ್ರತ್ಯೇಕ ಷರತ್ತು ಕೇಳುವ ಸಲಹೆಗಾರರು ಹೆಚ್ಚಿದ್ದಾರೆ. ಪಾಠ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಸುಜ್ಲಾನ್ ಕೂಡ 2012–13ರಲ್ಲಿ ಸಾಲದ ಸುಳಿಗೆ ಸಿಕ್ಕಿತ್ತು, ಆದರೆ ಪುನಾರಚನೆಯ ಬಳಿಕ ಚೇತರಿಸಿಕೊಂಡು ಮತ್ತೆ ಮುಂಚೂಣಿಗೆ ಬಂದಿದೆ. ಹೆಸರಿನ ದೊಡ್ಡಸ್ತಿಕೆ ನೋಡಿ ಮುಂದಿನ ಇಪ್ಪತ್ತು ವರ್ಷವನ್ನು ಅಳೆಯಲಾಗದು ಎಂಬುದಕ್ಕೆ ಎರಡೂ ನಿದರ್ಶನಗಳೇ.

2017ರ ಫೆಬ್ರವರಿಯಲ್ಲಿ ಭಾರತೀಯ ಸೌರಶಕ್ತಿ ನಿಗಮ ನಡೆಸಿದ ಮೊದಲ ಪವನ ಹರಾಜಿನಲ್ಲಿ ಯೂನಿಟ್ ದರ 3.46 ರೂಪಾಯಿಗೆ ಕುಸಿಯಿತು. ಲಾಭದ ಅಂಚು ಕರಗಿದ್ದೇ ತಡ, ದೊಡ್ಡ ಹೂಡಿಕೆದಾರರು ಟರ್ನ್‌ಕೀ ಕಟ್ಟನ್ನು ಬಿಚ್ಚಿದರು. ಯಂತ್ರ ಒಬ್ಬರಿಂದ, ಸಿವಿಲ್ ಕೆಲಸ ಇನ್ನೊಬ್ಬರಿಂದ, ಮಾರ್ಗ ಮತ್ತೊಬ್ಬರಿಂದ. ಯಂತ್ರ ಬಿಟ್ಟು ಉಳಿದ ಕೆಲಸವನ್ನೆಲ್ಲ ಈ ವಲಯದಲ್ಲಿ ‘ಬಿಒಪಿ’ ಎನ್ನುತ್ತಾರೆ. ಹುಬ್ಬಳ್ಳಿ ಕಡೆಯ ಗುತ್ತಿಗೆದಾರರಿಗೆ ಬಾಗಿಲು ತೆರೆದದ್ದು ಇಲ್ಲಿ.

ಎರೆ ನೆಲ, ಗರಸು ಮತ್ತು ಅಡಿಪಾಯ

ಈ ಸೀಮೆಯಲ್ಲಿ ಗುತ್ತಿಗೆದಾರನ ಯೋಗ್ಯತೆ ಮೊದಲು ಮಣ್ಣಿನಲ್ಲಿ ಪರೀಕ್ಷೆಗೆ ಬೀಳುತ್ತದೆ. ನವಲಗುಂದ, ನರಗುಂದ, ರೋಣದ ಬಯಲು ಎರೆ ಭೂಮಿ. ಬಿಳಿಜೋಳ, ಕಡಲೆಗೆ ಹೇಳಿ ಮಾಡಿಸಿದ ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇದಕ್ಕೆ ಕಾರಣ. ಕಪ್ಪತಗುಡ್ಡದ ಸಾಲಿನಲ್ಲಾದರೋ ಅಗೆದ ಕೆಲವೇ ಅಡಿಗೆ ಕಲ್ಲು ಸಿಗುತ್ತದೆ. ಹೀಗಾಗಿ ಒಂದೇ ಯೋಜನೆಯ ಎರಡು ಗುಂಡಿಗಳ ಖರ್ಚು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಡೀ ಯೋಜನೆಗೆ ಒಂದೇ ಸರಾಸರಿ ದರ ಹೇಳಿ ಟೆಂಡರ್ ಹಾಕಿದವರನ್ನು ಕಂಡರೆ ಅನುಭವಿ ಎಂಜಿನಿಯರರು ಹುಬ್ಬೇರಿಸುತ್ತಾರೆ. ಒಂದೋ ಅವರು ಸ್ಥಳ ನೋಡಿಲ್ಲ, ಇಲ್ಲವೇ ಮುಂದೆ ‘ಹೆಚ್ಚುವರಿ ಕೆಲಸ’ದ ಬಿಲ್ಲು ಬರಲಿದೆ.

ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಐಎಸ್ 2720ರ 40ನೇ ಭಾಗ ಅದನ್ನು ವಿವರಿಸುತ್ತದೆ. ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಗಾಜಿನ ಅಳತೆಗೊಳವೆಗಳಿಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಗುಳ್ಳೆ ಹೋಗುವಂತೆ ಕಲಕಿ, ಕನಿಷ್ಠ 24 ಗಂಟೆ ಬಿಟ್ಟು ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು ಇದ್ದಷ್ಟೇ ಇರುತ್ತದೆ, ನೀರಿನಲ್ಲಿ ಮೇಲೇರಿರುತ್ತದೆ. ಎರಡರ ವ್ಯತ್ಯಾಸ ಸೀಮೆಎಣ್ಣೆಯಲ್ಲಿನ ಅಳತೆಯ ಶೇಕಡಾ ಎಷ್ಟು ಎಂಬುದೇ ಉಬ್ಬಿನ ಸೂಚ್ಯಂಕ. ಅದು ಶೇ. 50 ದಾಟಿತೆಂದರೆ ಎಚ್ಚರಿಕೆ ಬೇಕು. ಇಷ್ಟಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಆದರೂ ಪ್ರತಿ ಯಂತ್ರದ ಜಾಗದಲ್ಲೂ ಬೋರು ಕೊರೆದು ಮಾಡಿದ ಮಣ್ಣಿನ ವರದಿಯನ್ನು ಓದಿ, ತನ್ನ ದರಪಟ್ಟಿಗೆ ಅದನ್ನು ಹೊಂದಿಸಿದ ಗುತ್ತಿಗೆದಾರ ಯಾರು, ವರದಿಯನ್ನು ಕಡತಕ್ಕೆ ಲಗತ್ತಿಸಿ ಸುಮ್ಮನಾದವನು ಯಾರು ಎಂಬುದು ಟೆಂಡರ್ ಪೂರ್ವ ಸಭೆಯ ಮೊದಲ ಅರ್ಧ ಗಂಟೆಯಲ್ಲೇ ತಿಳಿದುಬಿಡುತ್ತದೆ.

3 ಮೆಗಾವಾಟ್ ವರ್ಗದ ಯಂತ್ರಕ್ಕೆ ಸಾಮಾನ್ಯವಾಗಿ ಇಪ್ಪತ್ತು ಮೀಟರ್ ಆಸುಪಾಸು ವ್ಯಾಸದ ಕಾಂಕ್ರೀಟ್ ಹಾಸು ಬೇಕು. 500 ಘನ ಮೀಟರ್ ಕಾಂಕ್ರೀಟ್ ಎಂದಿಟ್ಟುಕೊಂಡರೆ, ಆರು ಘನ ಮೀಟರಿನ ಮಿಕ್ಸರ್ ಲಾರಿ ಎಂಬತ್ತಕ್ಕೂ ಹೆಚ್ಚು ಸಲ ಬಂದು ಹೋಗಬೇಕು. ಅಷ್ಟನ್ನೂ ನಡುವೆ ನಿಲ್ಲಿಸದೆ ಒಂದೇ ಉಸಿರಿಗೆ ಸುರಿಯಬೇಕು. ಪಂಪು ಕೆಟ್ಟು ತಾಸುಗಟ್ಟಲೆ ನಿಂತರೆ ಮೊದಲ ಪದರ ಗಟ್ಟಿಯಾಗಿ ಅದರ ಮೇಲೆ ಬಿದ್ದದ್ದು ಬೆಸೆಯುವುದಿಲ್ಲ. ಆದ್ದರಿಂದ ‘ಎರಡನೆಯ ಪಂಪು ಎಲ್ಲಿದೆ?’ ಎನ್ನುವುದು ಗುತ್ತಿಗೆದಾರನಿಗೆ ಹಾಕಬೇಕಾದ ಮೊದಲ ಪ್ರಶ್ನೆಗಳಲ್ಲೊಂದು. ಹುಬ್ಬಳ್ಳಿಯಲ್ಲಿದೆ, ಫೋನ್ ಮಾಡಿದರೆ ಬರುತ್ತದೆ ಎಂಬುದು ಒಪ್ಪತಕ್ಕ ಉತ್ತರವಲ್ಲ. ಸಿದ್ಧ ಕಾಂಕ್ರೀಟನ್ನು ತುಂಬಿಸಿದ ಎರಡು ಗಂಟೆಯೊಳಗೆ ಇಳಿಸಬೇಕೆಂಬುದು ಐಎಸ್ 4926ರ ನಿಯಮ. ಅದಕ್ಕಾಗಿಯೇ ದೂರದ ಯೋಜನೆಗಳಲ್ಲಿ ಕಾಂಕ್ರೀಟ್ ಘಟಕವನ್ನು ಸ್ಥಳದಲ್ಲೇ ಹೂಡುತ್ತಾರೆ.

ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ರಾತ್ರಿಗೆ ಸರಿಯುತ್ತದೆ. ಇಷ್ಟು ದಪ್ಪದ ಕಾಂಕ್ರೀಟ್ ಗಟ್ಟಿಯಾಗುವಾಗ ಒಡಲಿನಲ್ಲಿ ತಾನೇ ಕಾವು ಹುಟ್ಟಿಸುತ್ತದೆ. ಒಳಗಿನ ಬಿಸಿಗೂ ಹೊರಮೈಯ ಬಿಸಿಗೂ ಇಪ್ಪತ್ತು ಡಿಗ್ರಿಗಿಂತ ಹೆಚ್ಚು ಅಂತರ ಬಿದ್ದರೆ ಬಿರುಕಿನ ಭಯ. ಮಂಜುಗಡ್ಡೆ ಬೆರೆಸಿದ ನೀರು, ಸಿಮೆಂಟಿನ ಒಂದು ಪಾಲಿಗೆ ಹಾರುಬೂದಿ, ಒಳಗೆ ಹುದುಗಿಸಿದ ತಾಪಮಾಪಕ ತಂತಿಗಳು ಇದಕ್ಕೆ ಉಪಾಯಗಳು. ಒಳ್ಳೆಯ ಗುತ್ತಿಗೆದಾರನ ಸೈಟಿನಲ್ಲಿ ಬೆಳಗಿನ ಜಾವ ಮೂರಕ್ಕೂ ಒಬ್ಬ ಹುಡುಗ ಟಾರ್ಚು ಹಿಡಿದು ಪ್ರತಿ ಲಾರಿಯ ಕಾಂಕ್ರೀಟಿನ ತಾಪವನ್ನು ವಹಿಯಲ್ಲಿ ಬರೆಯುತ್ತಿರುತ್ತಾನೆ.

ಆ ವಹಿಯನ್ನು ಪರಿಶೀಲಿಸುವ ಲೆಕ್ಕ ಕಷ್ಟದ್ದಲ್ಲ. ಐಎಸ್ 456ರ ಪ್ರಕಾರ ಮೊದಲ 50 ಘನ ಮೀಟರಿಗೆ ನಾಲ್ಕು ಮಾದರಿ, ನಂತರದ ಪ್ರತಿ 50ಕ್ಕೆ ಒಂದೊಂದು, ಪ್ರತಿ ಮಾದರಿಗೆ ಮೂರು ಘನಾಕೃತಿ. 500 ಘನ ಮೀಟರಿಗೆ 13 ಮಾದರಿ, 39 ಘನಾಕೃತಿಗಳಾದವು. ಇವು 28 ದಿನಗಳ ಬಲ ಪರೀಕ್ಷೆಗೆ. ಏಳು ದಿನಕ್ಕೆ ಒಡೆದು ನೋಡುವವು ಬೇರೆ. ಹಿಂದಿನ ಯೋಜನೆಯ ಘನಾಕೃತಿ ವಹಿಯನ್ನು ತರಿಸಿ ಎಣಿಸಿದರೆ ಗುತ್ತಿಗೆದಾರನ ನಡತೆ ಅರ್ಧ ತಿಳಿಯುತ್ತದೆ. ಸಂಖ್ಯೆ ಕಡಿಮೆ ಇದ್ದರೆ ಅನುಮಾನ ಪಡಬೇಕು. ಎಲ್ಲ ಫಲಿತಾಂಶಗಳೂ ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಇನ್ನೂ ಹೆಚ್ಚು, ಏಕೆಂದರೆ ನಿಜವಾದ ಕಾಂಕ್ರೀಟ್ ಅಷ್ಟು ಶಿಸ್ತಿನದಲ್ಲ.

ಹೊಣೆಯ ಗಡಿಯೂ ಇಲ್ಲೇ ಮಸುಕಾಗುತ್ತದೆ. ಹೊರೆಯ ಲೆಕ್ಕ ಕೊಡುವವರು ಯಂತ್ರ ತಯಾರಕರು, ನಕ್ಷೆ ಬರೆಯುವವರು ಸಲಹೆಗಾರರು, ಕಟ್ಟುವವರು ಸಿವಿಲ್ ಗುತ್ತಿಗೆದಾರರು. ಬೋಲ್ಟಿನ ಪಂಜರ ಎರಡು ಮೂರು ಮಿಲಿಮೀಟರ್ ವಾಲಿದರೆ ಗೋಪುರದ ಬುಡ ಕೂರದು. ತಪ್ಪು ಯಾರದೆಂದು ಆಮೇಲೆ ಜಗಳ. ಹಸ್ತಾಂತರದ ದಿನ ಮೂವರೂ ಕೂಡಿ ಸಹಿ ಹಾಕುವ ಅಳತೆ ಹಾಳೆಯನ್ನು ಒಪ್ಪಂದದಲ್ಲೇ ನಮೂದಿಸುವುದು ಕಾಗದದ ಮಟ್ಟಿಗೆ ಸಣ್ಣ ಕೆಲಸ, ನ್ಯಾಯಾಲಯದ ಮಟ್ಟಿಗೆ ದೊಡ್ಡದು.

ಕ್ರೇನ್, ಸಾಗಣೆ, ಗಾಳಿಯ ತಿಂಗಳುಗಳು

ಎಪ್ಪತ್ತು ಮೀಟರ್ ಉದ್ದದ ರೆಕ್ಕೆ ಗದಗ ರಸ್ತೆಯ ತಿರುವುಗಳನ್ನು ದಾಟುವುದು ನೋಡಲು ಸೊಗಸು, ಸಾಗಿಸುವವರಿಗೆ ಸಂಕಟ. ಮುಖ್ಯ ಕ್ರೇನ್ ನೂರಾರು ಟನ್ ಸಾಮರ್ಥ್ಯದ್ದು, ಬಿಚ್ಚಿ ಸಾಗಿಸಲು ಹತ್ತಾರು ಟ್ರೇಲರ್ ಬೇಕು. ಅದು ನಿಲ್ಲುವ ಎರೆ ನೆಲಕ್ಕೆ ಪದರ ಪದರವಾಗಿ ಗರಸು ಹಾಕಿ ರೋಲರ್ ಓಡಿಸದಿದ್ದರೆ ಒಂದು ದೊಡ್ಡ ಮಳೆಗೆ ಎಲ್ಲ ಕೆಸರು. 2019ರ ಆಗಸ್ಟಿನಲ್ಲಿ ಬೆಣ್ಣೆಹಳ್ಳ ಉಕ್ಕಿ ನವಲಗುಂದ ಭಾಗದ ರಸ್ತೆಗಳು ನೀರುಪಾಲಾದಾಗ ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದದ್ದೇನೂ ಇರಲಿಲ್ಲ.

ರೆಕ್ಕೆ ಎತ್ತಲು ಗಾಳಿ ಸೆಕೆಂಡಿಗೆ ಸುಮಾರು 8ರಿಂದ 10 ಮೀಟರಿನೊಳಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಿಂತ ಯಂತ್ರಗಳು ವರ್ಷದ ಬಹುಪಾಲು ದುಡಿಯುವ ತಿಂಗಳುಗಳಲ್ಲಿ, ಹೊಸ ಯಂತ್ರ ನಿಲ್ಲಿಸುವ ಕ್ರೇನ್ ಬಾಡಿಗೆ ಏರಿಸುತ್ತ ಸುಮ್ಮನೆ ನಿಂತಿರುತ್ತದೆ. ಈ ನಿಲುಗಡೆಯ ಬಾಡಿಗೆ ಯಾರ ತಲೆಗೆ ಎಂಬುದನ್ನು ಬರೆಯದ ಒಪ್ಪಂದ ತಂಟೆಗೆ ಆಹ್ವಾನ. ಅಂತರರಾಜ್ಯ ಪ್ರಸರಣ ಶುಲ್ಕದ ಪೂರ್ಣ ವಿನಾಯಿತಿಗೆ 2025ರ ಜೂನ್ 30 ಕೊನೆಯ ದಿನವಾಗಿತ್ತು. ಗಾಳಿ ಏರುವ ಹೊತ್ತಿಗೇ ಬಿದ್ದ ಈ ಗಡುವು ಒಳ್ಳೆಯ ಕ್ರೇನ್‌ಗಳಿಗೆ ಎಂಥ ಬೇಡಿಕೆ ತಂದಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ವಿದ್ಯುತ್ ಕೆಲಸ

ತಂತಿ ಮಾರ್ಗದ ಗುತ್ತಿಗೆದಾರನಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರಬೇಕು. ಮುಖ್ಯ ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ಇಲ್ಲದೆ ಮಾರ್ಗಕ್ಕೆ ವಿದ್ಯುತ್ ಹರಿಸುವಂತಿಲ್ಲ. ಪರವಾನಗಿ ಒಬ್ಬರ ಹೆಸರಿನಲ್ಲಿ, ಕೆಲಸ ಇನ್ನೊಬ್ಬರ ಕೈಯಲ್ಲಿ ಇರುವುದು ಅಪರೂಪವಲ್ಲ. ಸ್ಥಳದಲ್ಲಿ ನಿಂತ ಮೇಲ್ವಿಚಾರಕನ ಪ್ರಮಾಣಪತ್ರ ಕೇಳಿ ನೋಡುವುದೇ ಇದಕ್ಕೆ ಮದ್ದು.

ಹಣ, ಕೂಲಿ, ಕೆಳಗಿನ ಮೆಟ್ಟಿಲು

ಬ್ಯಾಂಕ್ ಖಾತರಿ, ಹಿಡಿದಿಟ್ಟ ಹಣ, ದೋಷ ಹೊಣೆಯ ಅವಧಿ ಇವೆಲ್ಲ ಒಪ್ಪಂದದಲ್ಲಿ ಇದ್ದೇ ಇರುತ್ತವೆ. ಆದರೆ ಈ ಸೀಮೆಯಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ಎರಡನೆಯ, ಮೂರನೆಯ ಮೆಟ್ಟಿಲಲ್ಲಿ. ಮುಖ್ಯ ಗುತ್ತಿಗೆದಾರ ಮುಂಬಯಿಯವನೋ ಚೆನ್ನೈಯವನೋ ಆಗಿರುತ್ತಾನೆ. ಗುಂಡಿ ತೋಡುವ ಜೆಸಿಬಿ ಮುಂಡರಗಿಯದು, ಗರಸಿನ ಟಿಪ್ಪರ್ ಶಿರಹಟ್ಟಿಯದು, ಕಬ್ಬಿಣ ಕಟ್ಟುವ ತಂಡ ಬಿಹಾರದ್ದೋ ಒಡಿಶಾದ್ದೋ. ಮೇಲಿನಿಂದ ಹಣ ಇಳಿಯದಿದ್ದರೆ ಟಿಪ್ಪರ್‌ಗಳು ದಾರಿಗೆ ಅಡ್ಡ ನಿಲ್ಲುತ್ತವೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಉದ್ಯೋಗದಾತ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2020ರ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ಉಳಿಸಿಕೊಂಡಿದೆ. ಹಾಗಾಗಿ ಗುತ್ತಿಗೆದಾರನ ಹಿಂದಿನ ಯೋಜನೆಯ ಊರಿಗೆ ಹೋಗಿ ಟಿಪ್ಪರ್ ಮಾಲೀಕರನ್ನು, ಡೀಸೆಲ್ ಬಂಕಿನವರನ್ನು, ಖಾನಾವಳಿಯವರನ್ನು ‘ಬಾಕಿ ಏನರೆ ಐತೇನು?’ ಎಂದು ಕೇಳುವುದು ಲೆಕ್ಕಪರಿಶೋಧಕರ ವರದಿಗಿಂತ ಕೆಲವೊಮ್ಮೆ ಹೆಚ್ಚು ಹೇಳುತ್ತದೆ.

ಜಮೀನು ಮತ್ತು ಗುಡ್ಡ

ಜಮೀನು ಹಿಡಿದುಕೊಡುವ ಮಧ್ಯವರ್ತಿಯೂ ಗುತ್ತಿಗೆದಾರನೇ. ಉತಾರದಲ್ಲಿ (ಪಹಣಿಯಲ್ಲಿ) ಅಜ್ಜನ ಹೆಸರು, ವಾಟ್ನಿ (ಪಾಲು) ಆಗಿದ್ದು ಬಾಯಿಮಾತಿನಲ್ಲಿ, ಸಹಿ ಹಾಕಿದ್ದು ಒಬ್ಬ ತಮ್ಮ ಎಂಬ ಸ್ಥಿತಿಯ ಹೊಲದಲ್ಲಿ ಅಡಿಪಾಯ ಹಾಕಿದ ಮೇಲೆ ತಡೆಯಾಜ್ಞೆ ಬಂದರೆ ಸಿವಿಲ್ ಗುತ್ತಿಗೆದಾರ ಎಷ್ಟು ಒಳ್ಳೆಯವನಾದರೂ ಕೈಕಟ್ಟಿ ಕೂರಬೇಕು.

ಗುಡ್ಡದ ಮೇಲೆ ಇಂಥ ಕೆಲಸಕ್ಕೆ ಈಗ ದಾರಿ ಕಿರಿದಾಗಿದೆ. ಕಪ್ಪತಗುಡ್ಡದ ಸುಮಾರು 244 ಚದರ ಕಿ.ಮೀ. ಪ್ರದೇಶ 2019ರಲ್ಲಿ ವನ್ಯಜೀವಿಧಾಮವಾಯಿತು. ಹಳೆಯ ಸಣ್ಣ ಯಂತ್ರಗಳನ್ನು ಇಳಿಸಿ ದೊಡ್ಡವನ್ನು ನಿಲ್ಲಿಸಲು ಕೇಂದ್ರದ 2023ರ ಪುನಃಶಕ್ತೀಕರಣ ನೀತಿ ಉತ್ತೇಜನ ಕೊಟ್ಟರೂ ಗುಡ್ಡದ ಮೇಲೆ ಅಗಲವಾದ ಹೊಸ ರಸ್ತೆ, ಕ್ರೇನ್ ಹಾಸು ಮಾಡಲು ಅರಣ್ಯ ಇಲಾಖೆಯ ಅನುಮತಿಯ ಸರಣಿಯೇ ಇದೆ. ಬಯಲಿನ ರೈತರ ಬೇಡಿಕೆ ಇದಕ್ಕಿಂತ ಸಣ್ಣದು, ಆದರೆ ದಿನಾಂಕ ಹಚ್ಚಿದ್ದು: ಕ್ರೇನ್ ದಾರಿಗೆಂದು ಹೊಲಕ್ಕೆ ಸುರಿದ ಗರಸನ್ನು ಎತ್ತಿ, ಒಡೆದ ಬದುವನ್ನು ಮುಂಗಾರಿ ಬಿತ್ತಿಗೆ ಮೊದಲು ಕಟ್ಟಿಕೊಡಬೇಕು. ಈ ಕೆಲಸಕ್ಕೆ ಬೇರೆ ಬಾಬತ್ತು, ಬೇರೆ ದರ ತೋರಿಸಿದ ಟೆಂಡರ್‌ಗಳು ಈಗೀಗ ಕಾಣಿಸತೊಡಗಿವೆ.